ಕಡ್ಡಿ ನೆಟ್ಟು ಮಲಗಿದ ರಾತ್ರಿ

ಹೊಳೆ ದಡದಲ್ಲಿ ಮಲಗುವ ಮೊದಲು, ನೀರು ಏರಿದರೆ ತಿಳಿಯಲಿ ಅಂತ, ನೀರಿನ ಅಂಚಿಗೆ ಒಂದು ಕಡ್ಡಿ ನೆಡಬೇಕು. ಇದನ್ನು ನನಗೆ ಹೇಳಿಕೊಟ್ಟಿದ್ದು ನಮ್ಮಪ್ಪ. ನಮ್ಮೂರು ಶ್ರೀರಂಗಪಟ್ಟಣದ ಹತ್ತಿರ, ಕಾವೇರಿ ಪಕ್ಕದಲ್ಲೇ ಇದೆ. ಸೌತೆ ಬಳ್ಳಿ ಕಾಯಲು ಅಪ್ಪ ಬೇಸಿಗೆ ರಾತ್ರಿಗಳಲ್ಲಿ ಹೊಳೆ ಮರಳಲ್ಲಿ ಮಲಗುತ್ತಿದ್ದರು. ನಾನೂ ತಮ್ಮನೂ ಹಟ ಮಾಡಿ ಜೊತೆಗೆ ಹೋಗುತ್ತಿದ್ದೆವು. ಅಪ್ಪ ಕಡ್ಡಿ ನೆಟ್ಟು, ಅದರ ಬುಡಕ್ಕೆ ಒಂದು ಕಲ್ಲು ಇಟ್ಟು, ಆಮೇಲೆ ಕಂಬಳಿ ಹಾಸುತ್ತಿದ್ದರು.

ಅದೆಲ್ಲ ಆಗಿ ಮೂವತ್ತು ವರ್ಷದ ಮೇಲಾಯಿತು. ಈಗ ನಾನಿರುವುದು ಅಮೆರಿಕದ ಫ್ಲೋರಿಡಾದಲ್ಲಿ, ಟ್ಯಾಲಹಾಸಿ ಊರಲ್ಲಿ. ತಮ್ಮ ಇರುವುದು ಜಾರ್ಜಿಯಾದ ಅಟ್ಲಾಂಟಾದಲ್ಲಿ. ನಮ್ಮಿಬ್ಬರನ್ನೂ ಸೇರಿಸುವ ಒಂದು ನದಿ ಇದೆ ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದು ತುಂಬಾ ವರ್ಷದ ಮೇಲೆ. ಅವನ ಕಡೆಯಿಂದ ಚಟ್ಟಹೂಚಿ ಮತ್ತು ಫ್ಲಿಂಟ್ ಅಂತ ಎರಡು ಹೊಳೆ ಇಳಿದು ಬರುತ್ತವೆ. ಫ್ಲಿಂಟ್ ಹುಟ್ಟುವುದೇ ಅಟ್ಲಾಂಟಾ ಏರ್‌ಪೋರ್ಟ್ ಹತ್ತಿರ. ಫ್ಲೋರಿಡಾ ಗಡಿಯಲ್ಲಿ, ಜಿಮ್ ವುಡ್ರಫ್ ಅಣೆಕಟ್ಟಿನ ಹಿನ್ನೀರಲ್ಲಿ ಎರಡೂ ಸೇರುತ್ತವೆ. ಅಣೆಕಟ್ಟು ದಾಟಿದ ಮೇಲೆ ಅದರ ಹೆಸರು ಅಪಲಾಚಿಕೋಲಾ. ಅಲ್ಲಿಂದ ಸಮುದ್ರದವರೆಗೆ ಸುಮಾರು 106 ಮೈಲಿ. ನಡುವೆ ಮತ್ತೊಂದು ಅಣೆಕಟ್ಟು ಇಲ್ಲ.

ಈ ನದಿಯ ಕೆಳಭಾಗದ ಎರಡೂ ದಡ ಬಹುಪಾಲು ಸರ್ಕಾರದ ಕಾಡು. ಎಡಕ್ಕೆ ಅಪಲಾಚಿಕೋಲಾ ರಾಷ್ಟ್ರೀಯ ಅರಣ್ಯ. ಅದು ರಾಜ್ಯದ ವನ್ಯಜೀವಿ ಇಲಾಖೆಯ ನಿರ್ವಹಣಾ ಪ್ರದೇಶವೂ ಹೌದು. ಇನ್ನೂ ಕೆಳಗೆ ಹೋದರೆ ಅದೇ ಇಲಾಖೆಯ ಅಪಲಾಚಿಕೋಲಾ ನದಿ ವನ್ಯಜೀವಿ ಪ್ರದೇಶ, 60 ಸಾವಿರ ಎಕರೆಗೂ ಜಾಸ್ತಿ. ನಮ್ಮ ಕಡೆ ಅಭಯಾರಣ್ಯ ಅಂದರೆ ರಾತ್ರಿ ಉಳಿಯುವ ಮಾತೇ ಇಲ್ಲ ಅಲ್ವಾ? ಇಲ್ಲಿ ಹಾಗಲ್ಲ. ಬೇಟೆ, ಮೀನು ಹಿಡಿಯುವುದು, ದೋಣಿ ಎಲ್ಲಕ್ಕೂ ನಿಯಮದೊಳಗೆ ಜಾಗ ಇದೆ. ಟೆಂಟ್ ಹಾಕಿ ಮಲಗಲೂಬಹುದು. ಆದರೆ ಕೊಳಾಯಿ ಇಲ್ಲ, ಕಕ್ಕಸು ಇಲ್ಲ, ದೀಪ ಇಲ್ಲ, ಕೇಳಿದರೆ ಬರುವವರೂ ಇಲ್ಲ. ತಂದಿದ್ದೇ ಉಂಟು. ಹಾಗೇ, ತಂದಿದ್ದನ್ನೆಲ್ಲ ವಾಪಸ್ ಒಯ್ಯಬೇಕು.

"ಅಕ್ಕಾ, ಒಂದು ಸಲ ಹೋಗೋಣ. ಅಪ್ಪ ಇದ್ದಿದ್ದರೆ ಕರೆದುಕೊಂಡು ಹೋಗ್ತಿದ್ದರು" ಅಂತ ತಮ್ಮ ಎರಡು ವರ್ಷದಿಂದ ಹೇಳುತ್ತಲೇ ಇದ್ದ. ಒಂದು ನವೆಂಬರ್ ಮೊದಲ ವಾರಕ್ಕೆ ಕೂಡಿಬಂತು. ವೆವಾಹಿಚ್ಕಾ ಊರಿನ ಗ್ಯಾಸ್ಕಿನ್ ಪಾರ್ಕ್ ದೋಣಿಕಟ್ಟೆಯಿಂದ ಸಮುದ್ರದ ಬಾಯಲ್ಲಿರುವ ಅಪಲಾಚಿಕೋಲಾ ಪಟ್ಟಣದವರೆಗೆ, ಸುಮಾರು 40 ಮೈಲಿ. ಮೂರು ಹಗಲು, ಎರಡು ರಾತ್ರಿ.

ನವೆಂಬರ್ ಆರಿಸಿದ್ದು ಸುಮ್ನೆ ಅಲ್ಲ. ಚಳಿಗಾಲದ ಕೊನೆಯಿಂದ ವಸಂತದವರೆಗೆ ಈ ನದಿ ಉಕ್ಕಿ ಕಾಡೊಳಗೆ ನುಗ್ಗುತ್ತದೆ. ಆಗ ಮಲಗಲು ಒಣ ನೆಲ ಸಿಗುವುದು ಕಷ್ಟ. ಬೇಸಿಗೆಯಲ್ಲಿ ಸೆಕೆ, ಸೊಳ್ಳೆ ಮತ್ತು ಕಚ್ಚಿದರೆ ಊದಿಕೊಳ್ಳುವ ಹಳದಿ ನೊಣ. ಅಕ್ಟೋಬರ್, ನವೆಂಬರ್ ಹೊತ್ತಿಗೆ ನೀರು ಇಳಿದು, ತಿರುವುಗಳ ಒಳಬದಿಯಲ್ಲಿ ಬಿಳೀ ಮರಳದಿಬ್ಬ ಏಳುತ್ತದೆ. ಆದರೆ ಅದೇ ಹೊತ್ತು ಬೇಟೆಯ ಕಾಲವೂ ಹೌದು. ಪ್ರತಿ ಪ್ರದೇಶಕ್ಕೂ ಅದರದೇ ದಿನಾಂಕಗಳ ಕರಪತ್ರ ಇರುತ್ತದೆ. ಅದನ್ನು ಮೊದಲು ಓದಬೇಕು. ಬಂದೂಕು ಬೇಟೆ ಶುರುವಾದರೆ ಅರಣ್ಯದ ಭಾಗದಲ್ಲಿ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಡೆ ಮಲಗುವ ಹಾಗಿಲ್ಲ. ನಾವು ಹೋದಾಗ ಬಿಲ್ಲು ಬಾಣದ ಬೇಟೆ ನಡೆಯುವ ದಿನಗಳು. ಸಾರ್ವಜನಿಕ ನೆಲದಲ್ಲಿ ಜಿಂಕೆ ಬೇಟೆಯಾಡುವವರು ಬಂದೂಕಿನ ಕಾಲದಲ್ಲಿ ಕಡ್ಡಾಯವಾಗಿ 500 ಚದರ ಇಂಚು ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಹಾಕಿರಬೇಕು. ನಮ್ಮಂಥವರಿಗೆ ಆ ನಿಯಮ ಇಲ್ಲ. ಆದರೂ ಇಬ್ಬರಿಗೂ ಕಿತ್ತಳೆ ಅಂಗಿ ತಂದೆ. ಕಾಡಲ್ಲಿ ಕಾಣಿಸಿಕೊಳ್ಳುವುದೇ ಒಳ್ಳೆಯದು.

ಸಾಮಾನಿನ ವಿಷಯ. ಕುಡಿಯಲು ಅಡಿಗೆಗೆ ಸೇರಿ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರ್ ಲೆಕ್ಕ. ಎಂಟು ಗ್ಯಾಲನ್ ತುಂಬಿಸಿಕೊಂಡೆವು. ನದಿ ನೀರನ್ನು ಸೋಸಿ ಕುಡಿಯುವ ಫಿಲ್ಟರ್ ಕೂಡ ಇತ್ತು. ಆದರೆ ಈ ನದಿಯಲ್ಲಿ ಮಣ್ಣು ಜಾಸ್ತಿ, ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ನಾನು ಒಂದು ತುಂಡು ಪಟಿಕ ಇಟ್ಟುಕೊಂಡೆ. ಆಷಾಢದಲ್ಲಿ ಕಾವೇರಿಗೆ ಕೆಂಪು ನೀರು ಬಂದಾಗ ಅಮ್ಮ ಕೊಳದಪ್ಪಲೆಯಲ್ಲಿ ಪಟಿಕ ಆಡಿಸಿ ಬಿಡುತ್ತಿದ್ದಳು, ಬೆಳಗ್ಗೆ ಮಣ್ಣೆಲ್ಲ ತಳಕ್ಕೆ. ಇಲ್ಲೂ ಅದೇ ಮಾಡಿದೆ. ಬಕೆಟ್ಟಿನಲ್ಲಿ ತಿಳಿಯಾದ ನೀರನ್ನು ಫಿಲ್ಟರ್‌ಗೆ ಹಾಕಿದರೆ ಸರಾಗ ಇಳಿಯಿತು. ಪಟಿಕ ಮಣ್ಣನ್ನು ಮಾತ್ರ ಕೂರಿಸುತ್ತದೆ, ರೋಗಾಣು ಸಾಯುವುದಿಲ್ಲ. ಸೋಸುವುದೋ ಕುದಿಸುವುದೋ ತಪ್ಪುವುದಿಲ್ಲ.

ತಿನ್ನಲು ಅವಲಕ್ಕಿ, ಹುರಿಗಾಳು, ಚಟ್ನಿಪುಡಿ, ರಾಗಿಹಿಟ್ಟು. ತಮ್ಮ ಮುದ್ದೆಕೋಲನ್ನೂ ತಂದಿದ್ದ. ಇಲ್ಲಿ ಕರಿಕರಡಿ ಇವೆ, ರಕೂನ್ ಅನ್ನುವ ಕಳ್ಳ ಪ್ರಾಣಿ ಇನ್ನೂ ಜಾಸ್ತಿ. ಅದಕ್ಕೆ ಊಟದ ಸಾಮಾನು, ಹಲ್ಲುಜ್ಜುವ ಪೇಸ್ಟು, ವಾಸನೆ ಬರುವುದೆಲ್ಲ ಗಟ್ಟಿ ಮುಚ್ಚಳದ ಡಬ್ಬಕ್ಕೆ. ಟೆಂಟಿನೊಳಗೆ ಒಂದು ಬಿಸ್ಕತ್ತೂ ಇಡಬಾರದು.

ಹೆಣ್ಣುಮಕ್ಕಳು ನನ್ನನ್ನು ಮೊದಲು ಕೇಳುವುದು ಕಕ್ಕಸಿನ ಬಗ್ಗೆ. ಅದನ್ನೂ ನೇರವಾಗಿ ಹೇಳಿಬಿಡುತ್ತೇನೆ. ಮಣ್ಣಿನ ನೆಲವಾದರೆ ನೀರಿನಿಂದ 200 ಅಡಿ ದೂರ ಹೋಗಿ, ಆರರಿಂದ ಎಂಟು ಇಂಚು ಆಳದ ಗುಂಡಿ ತೋಡಿ ಮುಚ್ಚಬೇಕು. ಮರಳದಿಬ್ಬದಲ್ಲಿ ಅದು ಸರಿಯಲ್ಲ. ಮರಳಲ್ಲಿ ಕೊಳೆಯುವುದು ನಿಧಾನ, ಮುಂದಿನ ನೆರೆಗೆ ಎಲ್ಲ ನದಿಗೇ ಸೇರುತ್ತದೆ. ಇದಕ್ಕೆಂದೇ ಪುಡಿ ಹಾಕಿದ ಎರಡು ಪದರದ ಚೀಲ ಸಿಗುತ್ತದೆ. ಬಳಸಿ, ಬಿಗಿಯಾಗಿ ಕಟ್ಟಿ, ಒಂದು ಮುಚ್ಚಳದ ಬಕೆಟ್ಟಿಗೆ ಹಾಕಿ ವಾಪಸ್ ತರುವುದು. ಒಂದು ಚಿಕ್ಕ ಮರೆ ಟೆಂಟ್ ಇದ್ದರೆ ಸಾಕು. ಮೊದಲ ದಿನ ಸಂಕೋಚ, ಎರಡನೇ ದಿನ ಅಭ್ಯಾಸ.

ನನ್ನ ಕಾರನ್ನು ಪಟ್ಟಣದಲ್ಲಿ ಬಿಟ್ಟು, ತಮ್ಮನ ಕಾರಲ್ಲಿ ಮೇಲಕ್ಕೆ ಹೋದೆವು. ಯಾವತ್ತು ಎಲ್ಲಿರುತ್ತೇವೆ, ಎಷ್ಟು ಹೊತ್ತಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಯಜಮಾನರ ಕೈಗೆ ಕೊಟ್ಟಿದ್ದೆ. ದೋಣಿಕಟ್ಟೆಯಲ್ಲಿ ಒಬ್ಬರು ಹಿರಿಯರು ಮೀನಿನ ಗಾಳ ಸರಿಮಾಡುತ್ತ ಕೂತಿದ್ದರು. ಜೇನು ಸಾಕುವವರಂತೆ. ವೆವಾಹಿಚ್ಕಾ ಟುಪೆಲೋ ಜೇನಿಗೆ ಹೆಸರುವಾಸಿ. ನೀರಲ್ಲಿ ನಿಂತು ಬೆಳೆಯುವ ಟುಪೆಲೋ ಮರ ಏಪ್ರಿಲ್ ಹೊತ್ತಿಗೆ ಕೆಲವೇ ವಾರ ಹೂಬಿಡುತ್ತದೆ. ಆ ಜೇನು ಎಷ್ಟು ದಿನ ಇಟ್ಟರೂ ಸಕ್ಕರೆಗಟ್ಟುವುದಿಲ್ಲ. 2018ರ ಅಕ್ಟೋಬರಲ್ಲಿ ಮೈಕಲ್ ಚಂಡಮಾರುತ ಇಲ್ಲೇ ಹಾದುಹೋಗಿ ಬೇಕಾದಷ್ಟು ಮರ ಬೀಳಿಸಿತು. ಅದಕ್ಕೂ ಮೊದಲಿಂದಲೇ, ನದಿ ನೀರು ಕಾಡಿಗೆ ಹತ್ತುವುದು ಕಡಿಮೆಯಾಗಿ ಟುಪೆಲೋ ಕಮ್ಮಿಯಾಗುತ್ತಾ ಬಂದಿದೆ. ಅವರು ನಮ್ಮ ದೋಣಿಯಲ್ಲಿದ್ದ ಟೆಂಟ್ ನೋಡಿ, ಎದುರಿನ ಮರದ ಬೊಡ್ಡೆ ತೋರಿಸಿದರು. ನನ್ನ ತಲೆಗಿಂತ ಎತ್ತರದಲ್ಲಿ ಕೆಸರಿನ ಗೆರೆ ಇತ್ತು. "ನದಿ ತಾನು ಎಲ್ಲಿವರೆಗೆ ಬರ್ತೀನಿ ಅಂತ ಬರೆದಿಟ್ಟಿರತ್ತೆ. ಓದಿಕೊಂಡು ಮಲಗಿ" ಅಂದರು.

ಮೊದಲ ದಿನ ಹನ್ನೆರಡು ಮೈಲಿ. ದೋಣಿ ಹೊರಟ ಅರ್ಧ ಗಂಟೆಗೆ ಊರಿನ ಸದ್ದೆಲ್ಲ ನಿಂತಿತು. ಒಣಗಿದ ಕೊಂಬೆ ಮೇಲೆ ರೆಕ್ಕೆ ಹರವಿಕೊಂಡು ಒಂದು ಹಕ್ಕಿ ಕೂತಿತ್ತು. ನಮ್ಮ ರಂಗನತಿಟ್ಟಿನ ಹಾವಕ್ಕಿಯ ದಾಯಾದಿ ಅದು, ಇಲ್ಲಿ ಆನ್‌ಹಿಂಗ ಅನ್ನುತ್ತಾರೆ. ಕತ್ತು ಥೇಟ್ ಅದೇ. ತಮ್ಮ ಹುಟ್ಟು ಹಾಕುವುದನ್ನೇ ನಿಲ್ಲಿಸಿ ನೋಡುತ್ತಾ ಕೂತ. ಬಿಸಿಲಿಗೆ ಮೈ ಕಾಯಿಸುತ್ತಿದ್ದ ಎರಡು ಅಲಿಗೇಟರ್‌ಗಳೂ ಕಂಡವು. ಮೊಸಳೆ ಇರುವ ಹೊಳೆ ನಮಗೆ ಹೊಸದಲ್ಲ. ದೂರ ಬಿಟ್ಟರೆ ಅವು ತಮ್ಮ ಪಾಡಿಗೆ ಇರುತ್ತವೆ. ಅವಕ್ಕೆ ತಿನ್ನಲು ಹಾಕುವುದು ಇಲ್ಲಿ ಕಾನೂನಿಗೆ ವಿರುದ್ಧ. ಅದು ಒಳ್ಳೆಯ ಕಾನೂನು, ಯಾಕೆಂದರೆ ಮನುಷ್ಯರ ಹತ್ತಿರ ಬಂದರೆ ಊಟ ಸಿಗುತ್ತದೆ ಅಂತ ಕಲಿತ ಪ್ರಾಣಿ ಕೊನೆಗೆ ಸಾಯುವುದು ಮನುಷ್ಯರ ಕೈಯಲ್ಲೇ. ನಾವು ಪಾತ್ರೆಯನ್ನು ನೀರಿನ ಅಂಚಲ್ಲಿ ತೊಳೆಯಲಿಲ್ಲ. ಬಕೆಟ್ಟಲ್ಲಿ ನೀರು ತಂದು, ದೂರದಲ್ಲಿ ತೊಳೆದೆವು.

ನಾಲ್ಕು ಗಂಟೆಗೆ ಒಳ್ಳೆಯ ಮರಳದಿಬ್ಬ ಸಿಕ್ಕಿತು. ಇಂಥ ಎಷ್ಟೋ ದಿಬ್ಬಗಳು ಪೂರ್ತಿ ನದಿ ತಾನೇ ಮಾಡಿದ್ದಲ್ಲ. ದೊಡ್ಡ ಸರಕು ದೋಣಿಗಳಿಗಾಗಿ ಒಂಬತ್ತು ಅಡಿ ಆಳ, ನೂರು ಅಡಿ ಅಗಲದ ದಾರಿ ಇಡಬೇಕು ಅಂತ ದಶಕಗಟ್ಟಲೆ ನದಿಯ ತಳದಿಂದ ಮರಳು ತೋಡಿ ದಡಕ್ಕೆ ಸುರಿದಿದ್ದರು. ಫ್ಲೋರಿಡಾ ರಾಜ್ಯ 2005ರಲ್ಲಿ ಅದಕ್ಕೆ ಅನುಮತಿ ಕೊಡಲಿಲ್ಲ. ತೋಡುವುದು ನಿಂತಿತು, ಸುರಿದ ಮರಳು ಉಳಿಯಿತು.

"ಅಕ್ಕಾ, ಇಲ್ಲೇ ಹಾಕೋಣ. ಮಲಗಿದಲ್ಲಿಂದಲೇ ನೀರು ಕಾಣತ್ತೆ" ಅಂದ ತಮ್ಮ.

"ಇನ್ನೂ ಮೇಲಕ್ಕೆ ಹೋಗೋಣ ಕಣೋ."

"ಮೋಡವೇ ಇಲ್ವಲ್ಲ. ಎಲ್ಲಿಂದ ಬರತ್ತೆ ನೀರು?"

ನನಗೂ ಆ ನೋಟ ಬಿಡಲು ಮನಸ್ಸಾಗಲಿಲ್ಲ. ನೀರಿಗಿಂತ ಎರಡು ಅಡಿಯಷ್ಟೇ ಎತ್ತರದಲ್ಲಿ ಟೆಂಟ್ ಹಾಕಿದೆವು. ಕಡ್ಡಿ ನೆಟ್ಟೆ. ದೋಣಿಯನ್ನು ಪೂರ್ತಿ ಮೇಲಕ್ಕೆಳೆದು, ಮೇಲಿದ್ದ ಮರಕ್ಕೆ ಹಗ್ಗ ಬಿಗಿದೆ. ತಮ್ಮ ಮುದ್ದೆ ತಿರುವಿದ. ಬೇಳೆ ಬಸಿದು ಉಪ್ಸಾರು, ಖಾರ. ಕತ್ತಲಾದ ಮೇಲೆ ಎದುರು ಕಾಡಿಂದ ಗೂಬೆ ಕೂಗಿತು. ಎಂಟು ಸ್ವರದ ಕೂಗು, ಕೊನೆಗೆ ಜಾರುವ ರಾಗ. ಇನ್ನೊಂದು ದಡದಿಂದ ಮತ್ತೊಂದು ಉತ್ತರ ಕೊಟ್ಟಿತು. ಟಾರ್ಚ್ ಹಿಡಿದರೆ ನೀರಿನ ಮೇಲೆ ಎರಡು ಕೆಂಪು ಕೆಂಡ. ನಾವು ಬೆಂಕಿಯ ಹತ್ತಿರಕ್ಕೆ ಸರಿದುಕೊಂಡೆವು.

ರಾತ್ರಿ ಎಚ್ಚರವಾಗಿದ್ದು ಸದ್ದಿನಿಂದ. ದೋಣಿಯ ಹೊಟ್ಟೆಗೆ ನೀರು ತಟ್ಟುವ ಸದ್ದು. ಮರಳಿನ ಮೇಲಿದ್ದ ದೋಣಿಗೆ ನೀರು ಹೇಗೆ ತಟ್ಟುತ್ತದೆ? ಎದ್ದು ಟಾರ್ಚ್ ಹಾಕಿದರೆ ಕಡ್ಡಿ ಇಲ್ಲ. ದೋಣಿ ತೇಲುತ್ತಾ ಹಗ್ಗ ಜಗ್ಗುತ್ತಿತ್ತು. ಬೆಂಕಿ ಹಾಕಿದ್ದ ಜಾಗದ ಬೂದಿ ತೇಲುತ್ತಿತ್ತು. ಟೆಂಟಿನ ಬಾಗಿಲಿಗೂ ನೀರಿಗೂ ಎರಡು ಹೆಜ್ಜೆ.

ತಮ್ಮನನ್ನು ಎಬ್ಬಿಸಿದೆ. ಮೊದಲು ದೋಣಿ, ಆಮೇಲೆ ಊಟದ ಡಬ್ಬ, ಆಮೇಲೆ ಟೆಂಟನ್ನು ಹಾಗೇ ನಾಲ್ಕು ಮೂಲೆ ಎತ್ತಿ ದಿಬ್ಬದ ನೆತ್ತಿಗೆ. ಹತ್ತು ನಿಮಿಷದ ಕೆಲಸ. ಕೈ ನಡುಗುತ್ತಿದ್ದುದು ಚಳಿಗೆ ಮಾತ್ರ ಅಲ್ಲ. ದೋಣಿಗೆ ಹಗ್ಗ ಬಿಗಿಯದೆ ಹೋಗಿದ್ದರೆ ಆ ದಿಬ್ಬದಲ್ಲಿ ನಾವಿಬ್ಬರೇ ಉಳಿಯುತ್ತಿದ್ದೆವು. ಫೋನ್ ಸಿಗ್ನಲ್ ಇರಲಿಲ್ಲ. ಹಿಂದೆ ಬರೀ ಜೌಗು ಕಾಡು.

ಆಮೇಲೆ ಕೂತು ಯೋಚಿಸಿದೆ. ತಪ್ಪು ನನ್ನದೇ. ಈ ನದಿಯ ಮಟ್ಟವನ್ನು ಚಟ್ಟಹೂಚಿ ಊರು, ಬ್ಲೌಂಟ್ಸ್‌ಟೌನ್, ಸುಮಾತ್ರಾ ಅಂತ ಮೂರು ಕಡೆ ಅಳೆದು ಇಂಟರ್‌ನೆಟ್ಟಲ್ಲಿ ಹಾಕುತ್ತಾರೆ. ಬ್ಲೌಂಟ್ಸ್‌ಟೌನ್ ನಾವು ಹೊರಟ ಜಾಗಕ್ಕಿಂತ ಮೇಲಿದೆ. ಅಲ್ಲಿ ಇವತ್ತು ಏರಿದ ನೀರು ಆಮೇಲೆ ನಮ್ಮ ಕಾಲಬುಡಕ್ಕೆ ಬರುತ್ತದೆ. ನಾನು ಅದನ್ನು ನೋಡಿದ್ದು ಹೊರಡುವ ಮೂರು ದಿನ ಮೊದಲು. ಹೊರಟ ದಿನ ನೋಡಿದ್ದು ನಮ್ಮ ತಲೆ ಮೇಲಿನ ಹವಾಮಾನ ಮಾತ್ರ. ಜಾರ್ಜಿಯಾದಲ್ಲಿ ಆ ವಾರ ಒಳ್ಳೆಯ ಮಳೆಯಾಗಿತ್ತು. ತಮ್ಮ ಅಟ್ಲಾಂಟಾ ಬಿಡುವಾಗ ವೈಪರ್ ಹಾಕಿಕೊಂಡೇ ಬಂದಿದ್ದ. ಇಬ್ಬರಿಗೂ ಹೊಳೆಯಲಿಲ್ಲ. ಶ್ರೀರಂಗಪಟ್ಟಣದಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕೊಡಗಿನ ಮಳೆಗೆ ಕೆಆರ್‌ಎಸ್ ತುಂಬಿ, ಗೇಟು ತೆಗೆದು, ಆಟೋದಲ್ಲಿ ಮೈಕು ಕಟ್ಟಿ "ನದಿ ಪಾತ್ರದ ಜನ ಎಚ್ಚರ" ಅಂತ ಕೂಗುತ್ತಾ ಹೋಗುವುದನ್ನು ಕೇಳುತ್ತಾ ಬೆಳೆದವರು ನಾವು.

ಬೆಳಕು ಹರಿಯುವವರೆಗೆ ಮಾತಾಡಿದೆವು. ಮಾತು ತಾನಾಗೇ ನೀರಿನ ಜಗಳಕ್ಕೆ ಬಂತು. ಮೇಲಿನ ಜಾರ್ಜಿಯಾ ನೀರು ಜಾಸ್ತಿ ಬಳಸುತ್ತಿದೆ, ಕೆಳಗೆ ನದಿ ಸಮುದ್ರ ಸೇರುವ ನಮ್ಮ ಕೊಲ್ಲಿ ಸಾಯುತ್ತಿದೆ ಅಂತ ಫ್ಲೋರಿಡಾ 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಏಪ್ರಿಲಲ್ಲಿ ಕೋರ್ಟು ಒಮ್ಮತದಿಂದ ಅದನ್ನು ವಜಾ ಮಾಡಿತು. ಹಾನಿಗೆ ಜಾರ್ಜಿಯಾವೇ ಕಾರಣ ಅಂತ ಸಾಬೀತಾಗಿಲ್ಲ ಅಂದಿತು. ನಾವು ಮಂಡ್ಯದವರು. ಕಾವೇರಿ ಜಗಳದಲ್ಲಿ ನಾವು ಯಾವಾಗಲೂ ಮೇಲಿನವರು. 2018ರಲ್ಲಿ ನಮ್ಮ ಸುಪ್ರೀಂ ಕೋರ್ಟು ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು ಅಂದಾಗ, ನಮಗೆ 14.75 ಟಿಎಂಸಿ ಜಾಸ್ತಿ ಸಿಕ್ಕಿತು ಅಂತ ಊರಲ್ಲಿ ಸಮಾಧಾನಪಟ್ಟಿದ್ದೆವು. ಕೆಳಗಿನವರ ಕಡೆಯಿಂದ ನದಿ ಹೇಗೆ ಕಾಣುತ್ತದೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಆ ರಾತ್ರಿ ನಾನು ಕೆಳಗಿನವಳು. ನೀರು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ, ಎರಡೂ ನನ್ನ ಕೈಯಲ್ಲಿರಲಿಲ್ಲ. ಊರಿನ ರೈತರ ಕಷ್ಟ ಇದರಿಂದ ಸಣ್ಣದಾಯಿತು ಅಂತಲ್ಲ. ಬೇಸಿಗೆಯಲ್ಲಿ ನಾಲೆ ಒಣಗಿದ್ದು ನೋಡಿದವಳು ನಾನು. ಆದರೂ ಆ ಕಡ್ಡಿ ಮುಳುಗಿದ್ದು ನನ್ನೊಳಗೆ ಏನನ್ನೋ ಅಲ್ಲಾಡಿಸಿತು.

ಎರಡನೇ ದಿನ ಹದಿನೇಳು ಮೈಲಿ ಹುಟ್ಟು ಹಾಕಿದೆವು. ಚಿಪೋಲಾ ಹೊಳೆ ಬಂದು ಸೇರಿತು. ಕೆಳಗೆ ಹೋದ ಹಾಗೆ ಮರಳದಿಬ್ಬಗಳು ಕಮ್ಮಿಯಾಗಿ, ಎರಡೂ ಕಡೆ ಬುಡ ಊದಿಕೊಂಡ ಟುಪೆಲೋ, ಸೈಪ್ರೆಸ್ ಮರಗಳ ಜೌಗು. ಇಲ್ಲಿ ಮಲಗುವ ಜಾಗವನ್ನು ಮೊದಲೇ ನಕ್ಷೆಯಲ್ಲಿ ಗುರುತಿಸಿಕೊಂಡಿರಬೇಕು. ಕತ್ತಲಾದ ಮೇಲೆ ಹುಡುಕುತ್ತೇನೆ ಅಂದರೆ ಆಗುವುದಿಲ್ಲ. ನಮಗೆ ಸಿಕ್ಕಿದ್ದು ಎರಡು ಟೆಂಟ್ ಹಿಡಿಸುವಷ್ಟು ಎತ್ತರದ ಮಣ್ಣು. ಈ ಸಲ ಮೊದಲು ಮರದ ಕೆಸರು ಗೆರೆ ನೋಡಿದೆವು. ಆ ಗೆರೆಗಿಂತ ಮೇಲೆ ಜಾಗವೇ ಇರಲಿಲ್ಲ. ಆದರೆ ಒದ್ದೆ ಗುರುತು ಎಲ್ಲಿವರೆಗಿದೆ ಅಂತ ತಿಳಿಯಿತು.

ಕಡ್ಡಿ ನೆಟ್ಟೆವು. ಎರಡು ಗಂಟೆಯಲ್ಲಿ ನೀರು ಗೇಣುದ್ದ ಏರಿತು. ತಮ್ಮ ಗಾಬರಿಯಾದ. ನಾನೂ ಆದೆ. ಆಮೇಲೆ ಇಳಿಯಿತು. ಅದು ಸಮುದ್ರದ ಉಬ್ಬರ. ಈ ನದಿಯ ಕೊನೆಯ ಇಪ್ಪತ್ತು ಮೈಲಿಯಷ್ಟರಲ್ಲಿ ಉಬ್ಬರ ಇಳಿತದ ಪ್ರಭಾವ ಇರುತ್ತದೆ. ಮೇಲಿನ ದಿಬ್ಬದಲ್ಲಿ ನೀರು ಏರಿದರೆ ಮಳೆಯ ಲೆಕ್ಕ, ಇಲ್ಲಿ ಏರಿದರೆ ಚಂದ್ರನ ಲೆಕ್ಕ. ಕಡ್ಡಿ ಒಂದೇ. ಅದನ್ನು ಓದುವ ರೀತಿ ಬೇರೆ.

ಇಲ್ಲೊಂದು ವಿಚಿತ್ರ ಇದೆ. ಈ ನದಿಯ ಬಹುಪಾಲು ಉದ್ದಕ್ಕೂ ಗಡಿಯಾರದ ಗೆರೆ ಹೋಗುತ್ತದೆ. ಎಡದಡದಲ್ಲಿ ಹತ್ತು ಗಂಟೆಯಾದರೆ ಬಲದಡದಲ್ಲಿ ಒಂಬತ್ತು. ಸಿಗ್ನಲ್ ಬಂದಾಗಲೆಲ್ಲ ಫೋನ್ ತನಗೆ ತೋಚಿದ ಗಂಟೆ ತೋರಿಸುತ್ತಿತ್ತು. ಅದನ್ನು ನಂಬಿ ಮೂರನೇ ದಿನ ಇಳಿತಕ್ಕೆ ಒಂದು ಗಂಟೆ ತಡವಾಗಿ ಹೊರಟೆವು. ಮಧ್ಯಾಹ್ನಕ್ಕೆ ನೀರು ನಿಂತಂತಾಯಿತು, ಕೊಲ್ಲಿಯಿಂದ ಎದುರುಗಾಳಿ. ಕೊನೆಯ ನಾಲ್ಕು ಮೈಲಿ ಭುಜ ಬಿದ್ದುಹೋಯಿತು. ಉಬ್ಬರದ ಪಟ್ಟಿ ಇಟ್ಟುಕೊಂಡು ಹೋಗುವವರು ಒಂದು ಕೈಗಡಿಯಾರ ಕಟ್ಟಿಕೊಳ್ಳಿ, ಅದನ್ನು ಒಂದೇ ಸಮಯಕ್ಕೆ ಇಟ್ಟಿರಿ.

ಮರಗಳು ಹಿಂದೆ ಸರಿದು ಹುಲ್ಲಿನ ಬಯಲು ಬಂತು. ಮೇಲೆ ಬಿಳೀ ಹೆಜ್ಜಾರ್ಲೆಗಳ ಗುಂಪು ಸುತ್ತುತ್ತಿತ್ತು. ಪಟ್ಟಣದ ಸೇತುವೆ ಕಂಡಿತು. ದಡದಲ್ಲಿ ಮಳಿ ಅನ್ನುವ ಚಿಪ್ಪಿನ ಜೀವಿ ಹಿಡಿಯುವ ಹಳೆಯ ದೋಣಿಗಳು ಸುಮ್ಮನೆ ಕಟ್ಟಿಕೊಂಡಿದ್ದವು. ಒಂದು ಕಾಲಕ್ಕೆ ಫ್ಲೋರಿಡಾದ ನೂರಕ್ಕೆ ತೊಂಬತ್ತು ಭಾಗ ಮಳಿ, ಅಂದರೆ ಆಯಿಸ್ಟರ್, ಈ ಕೊಲ್ಲಿಯಿಂದಲೇ ಬರುತ್ತಿತ್ತು. ಸಿಹಿನೀರು ಉಪ್ಪುನೀರು ಹದವಾಗಿ ಬೆರೆತರೆ ಮಾತ್ರ ಅದು ಬದುಕುತ್ತದೆ. 2012ರ ಬರದಲ್ಲಿ ಕುಸಿಯಿತು. 2020ರ ಡಿಸೆಂಬರಲ್ಲಿ ಹಿಡಿಯುವುದನ್ನೇ ನಿಲ್ಲಿಸಿದರು. ನಾವು ಹೋದಾಗ ಇನ್ನೂ ನಿಂತೇ ಇತ್ತು. ತಮ್ಮ ದೋಣಿ ಇಳಿಯದೆ ಆ ದೋಣಿಗಳನ್ನೇ ನೋಡುತ್ತಿದ್ದ. "ಅಕ್ಕಾ, ಅಟ್ಲಾಂಟಾದಲ್ಲಿ ನಾವು ಕುಡಿಯೋ ನೀರೂ ಇದರದ್ದೇ ಅಲ್ವಾ" ಅಂದ. ನಾನು ಹೌದು ಅಂದೆ. ಇಬ್ಬರೂ ದೋಣಿ ಎಳೆದು, ಚೀಲಗಳನ್ನು ಕಸದ ಜಾಗಕ್ಕೆ ಹಾಕಿ, ಕಾರು ಹತ್ತಿದೆವು.

ಮಾರ್ಚಲ್ಲಿ ಮತ್ತೆ ಹೋಗುವುದು ಅಂತ ನಾನು ಟೆಂಟ್ ತೆಗೆದು ಬಿಸಿಲಿಗೆ ಹಾಕಿದ್ದೆ. ಹೊರಡಲು ನಾಲ್ಕು ದಿನ ಇರುವಾಗ ತಮ್ಮ ಫೋನ್ ಮಾಡಿದ.

"ಅಕ್ಕಾ, ಇಲ್ಲಿ ಎರಡು ದಿನದಿಂದ ಬಿಡದೆ ಸುರೀತಿದೆ. ಫ್ಲಿಂಟ್ ಕೆಂಪಗಾಗಿದೆ."

ಬ್ಲೌಂಟ್ಸ್‌ಟೌನ್ ಮಟ್ಟ ನೋಡಿದೆ. ಅಲ್ಲಿ ಗೆರೆ ಇನ್ನೂ ನೆಟ್ಟಗಿತ್ತು. ಮೇಲೆ ಚಟ್ಟಹೂಚಿ ಊರಲ್ಲಿ ಆಗಲೇ ಮೇಲಕ್ಕೆ ತಿರುಗಿತ್ತು. ಟೆಂಟ್ ಮಡಚಿ ಒಳಗಿಟ್ಟೆ.